ಪ್ಯಾರಿಸ್ 2024: ಆರು ಪದಕ, ಆರು ನಾಲ್ಕನೇ ಸ್ಥಾನ. ಕೈತಪ್ಪಿದ್ದು ಎಲ್ಲಿ?

ಅಂಕಿಸಂಖ್ಯೆ

ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದಿಂದ ಹೋದವರು 117 ಮಂದಿ. ಬಂದದ್ದು 1 ಬೆಳ್ಳಿ, 5 ಕಂಚು, ಪದಕಪಟ್ಟಿಯಲ್ಲಿ 71ನೇ ಸ್ಥಾನ. ಟೋಕಿಯೊದಲ್ಲಿ 1 ಚಿನ್ನ, 2 ಬೆಳ್ಳಿ, 4 ಕಂಚು ಗೆದ್ದು 48ರಲ್ಲಿದ್ದೆವು. ಪದಕ ಕಡಿಮೆಯಾದದ್ದು ಒಂದೇ, ಜಾರಿದ್ದು 23 ಮೆಟ್ಟಿಲು. ಪಟ್ಟಿ ಜೋಡಿಸುವುದು ಮೊದಲು ಚಿನ್ನದ ಲೆಕ್ಕದಲ್ಲಿ, ಅದಕ್ಕೇ ಹೀಗೆ. ಜಾವೆಲಿನ್‌ನಲ್ಲಿ ಅರ್ಷದ್ ನದೀಮ್ ಗೆದ್ದ ಒಂದೇ ಒಂದು ಚಿನ್ನಕ್ಕೆ ಪಾಕಿಸ್ತಾನ 62ನೇ ಸ್ಥಾನದಲ್ಲಿದೆ. ಹಾಗಾಗಿ 71 ಅನ್ನೋ ಅಂಕಿ ಹಿಡ್ಕೊಂಡು ಇಲ್ಲಿ ಜಗಳ ಬೇಡ.

ಮಾತಾಡಬೇಕಿರುವುದು ನಾಲ್ಕನೇ ಸ್ಥಾನಗಳ ಬಗ್ಗೆ. ಅರ್ಜುನ್ ಬಬೂತಾ (10 ಮೀ. ಏರ್ ರೈಫಲ್), ಧೀರಜ್ ಬೊಮ್ಮದೇವರ–ಅಂಕಿತಾ ಭಕತ್ (ಆರ್ಚರಿ ಮಿಶ್ರ ತಂಡ), ಮನು ಭಾಕರ್ (25 ಮೀ. ಪಿಸ್ತೂಲ್), ಮಹೇಶ್ವರಿ ಚೌಹಾಣ್–ಅನಂತಜೀತ್ ಸಿಂಗ್ ನರುಕಾ (ಸ್ಕೀಟ್ ಮಿಶ್ರ ತಂಡ), ಲಕ್ಷ್ಯ ಸೇನ್ (ಬ್ಯಾಡ್ಮಿಂಟನ್), ಮೀರಾಬಾಯಿ ಚಾನು (ವೇಟ್‌ಲಿಫ್ಟಿಂಗ್). ‘ಒತ್ತಡ’, ‘ಅದೃಷ್ಟ’ ಅಂತ ಒಂದು ಸಾಲು ಗೀಚಿ ಹೋಗಬೇಡಿ. ಎಷ್ಟನೇ ಗುಂಡು, ಎಷ್ಟು ಕೆ.ಜಿ., ಯಾವ ಪಾಯಿಂಟ್, ಅಲ್ಲಿ ಕೆಟ್ಟದ್ದೇನು, ಅಷ್ಟು ಬರೆಯಿರಿ.

ಗುರಿಕಾರ

ಆರರಲ್ಲಿ ಮೂರು ಶೂಟಿಂಗಿನವು. ಆದರೆ ಮೂರೂ ಬೇರೆ ಬೇರೆ ಕಾಯಿಲೆ.

ಅರ್ಜುನ್ ಅವರದ್ದು ನೋಡಿ. 10 ಮೀ. ಫೈನಲ್‌ನಲ್ಲಿ ಎಂಟು ಜನ, ಒಟ್ಟು 24 ಗುಂಡು. ಮೊದಲು ಐದೈದು ಗುಂಡಿನ ಎರಡು ಸರಣಿ, ಆಮೇಲೆ ಒಂದೊಂದೇ ಗುಂಡು, ಪ್ರತಿ ಗುಂಡಿಗೆ 50 ಸೆಕೆಂಡ್. 12ನೇ ಗುಂಡಾದ ಮೇಲೆ ಕೊನೆಯವರು ಹೊರಗೆ, ಅಲ್ಲಿಂದ ಎರಡೆರಡು ಗುಂಡಿಗೆ ಒಬ್ಬೊಬ್ಬರು. 20 ಗುಂಡು ಮುಗಿದಾಗ ಹೊರಬೀಳುವವರೇ ನಾಲ್ಕನೆಯವರು. ಅರ್ಜುನ್ ಆಗ 208.4ರಲ್ಲಿದ್ದರು, ಅಂದರೆ ಗುಂಡಿಗೆ ಸರಾಸರಿ 10.42. ಕಂಚು ಗೆದ್ದ ಕ್ರೊಯೇಷಿಯಾದ ಮಿರಾನ್ ಮರಿಚಿಚ್ 22 ಗುಂಡಿಗೆ 230.0, ಸರಾಸರಿ 10.45. ಇಷ್ಟೇ ಅಂತರ. ಅರ್ಜುನ್ ಅವರ 20ನೇ ಗುಂಡು 9.5ಕ್ಕೆ ಹೋಯಿತು. ಈ ಮಟ್ಟದ ಫೈನಲ್‌ನಲ್ಲಿ 9.5 ಅಂದರೆ ಹೆಚ್ಚುಕಡಿಮೆ ಒಂದು ಪೂರ್ತಿ ಅಂಕ ಸೋರಿದ ಹಾಗೆ. ಅದೇ ಗುಂಡು ಎಂಟನೆಯದೋ ಒಂಬತ್ತನೆಯದೋ ಆಗಿದ್ದರೆ ತುಂಬಿಕೊಳ್ಳಲು ಮುಂದೆ ಗುಂಡುಗಳಿರುತ್ತಿದ್ದವು.

ರೈಫಲ್ ಗುರಿಹಲಗೆಯ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್. ಗುಂಡಿನ ದಪ್ಪವೇ 4.5 ಮಿ.ಮೀ. ಗುರಿ ಹಿಡಿದು ಏಳೆಂಟು ಸೆಕೆಂಡಿನೊಳಗೆ ಗುಂಡು ಹಾರದಿದ್ದರೆ ಕಣ್ಣು ಹಳೇ ಚಿತ್ರವನ್ನೇ ತೋರಿಸುತ್ತಿರುತ್ತದೆ, ಸ್ನಾಯು ಸಣ್ಣಗೆ ನಡುಗಲು ಶುರುವಾಗುತ್ತದೆ. ಆಗ ರೈಫಲ್ ಇಳಿಸಿ, ಉಸಿರು ಸರಿ ಮಾಡಿಕೊಂಡು ಮತ್ತೆ ಎತ್ತಬೇಕು. 50 ಸೆಕೆಂಡಿನಲ್ಲಿ ಒಂದು ಸಲ ಹೀಗೆ ಇಳಿಸಿ ಎತ್ತಲು ಸಮಯ ಸಿಗುತ್ತದೆ, ಎರಡನೇ ಸಲ ಕಷ್ಟ. ಹೊರಬೀಳುವ ಗುಂಡಿನಲ್ಲಿ ಆ ‘ಇಳಿಸುವ’ ನಿರ್ಧಾರವೇ ಬಹಳ ಜನಕ್ಕೆ ಬರುವುದಿಲ್ಲ.

ಮನು ಅವರ 25 ಮೀ. ಆಟವೇ ಬೇರೆ. ಅಲ್ಲಿ ದಶಾಂಶ ಕೂಡಿಸುವುದಿಲ್ಲ. 10.2 ಅಥವಾ ಮೇಲಿದ್ದರೆ ಹಿಟ್, ಇಲ್ಲದಿದ್ದರೆ ಸೊನ್ನೆ. ಐದು ಗುಂಡಿನ ಸರಣಿ, ಪ್ರತಿ ಗುಂಡಿಗೆ 3 ಸೆಕೆಂಡ್ ಅವಕಾಶ, ನಡುವೆ 7 ಸೆಕೆಂಡ್ ಬಿಡುವು, ಕೈ ಕೆಳಗಿಂದಲೇ ಎತ್ತಬೇಕು. ಎಂಟನೇ ಸರಣಿ ಮುಗಿದಾಗ ಮನು, ಹಂಗೇರಿಯ ವೆರೋನಿಕಾ ಮೇಯರ್ ಇಬ್ಬರೂ 28. ಶೂಟ್-ಆಫ್‌ನಲ್ಲಿ (ಸಮ ಬಿಡಿಸುವ ಹೆಚ್ಚುವರಿ ಸರಣಿ) ಮೇಯರ್ ನಾಲ್ಕು, ಮನು ಮೂರು. 10.1ಕ್ಕೂ 7ಕ್ಕೂ ಇಲ್ಲಿ ಬೆಲೆ ಒಂದೇ, ಎರಡೂ ಸೊನ್ನೆ. ಹತ್ತು ಮೀಟರಿನಲ್ಲಿ ಕೆಟ್ಟ ಗುಂಡಿಗೂ ಒಂಬತ್ತು ಚಿಲ್ಲರೆ ಸಿಗುತ್ತದೆ, ಇಲ್ಲಿ ಆ ಕರುಣೆ ಇಲ್ಲ. ಹತ್ತು ಮೀಟರಿನಲ್ಲೂ ಅವರಿಗೆ ಬೆಳ್ಳಿ ತಪ್ಪಿದ್ದು 0.1ರಿಂದ ಅನ್ನುವುದು ನೆನಪಿರಲಿ. ಎರಡು ಕಂಚು ಕೊರಳಿಗೆ ಹಾಕ್ಕೊಂಡು ಮೂರನೇ ಫೈನಲ್‌ಗೆ ಇಳಿದವರನ್ನು ‘ಕೈಕೊಟ್ಟರು’ ಅನ್ನುವ ಬಾಯಿಗೆ ಬೀಗ ಹಾಕಬೇಕು.

ಸ್ಕೀಟ್ (ಹಾರುವ ಬಿಲ್ಲೆಗೆ ಗುಂಡು ಹೊಡೆಯುವ ಆಟ) ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಂಚಿನ ಪಂದ್ಯದಲ್ಲಿ ಚೀನಾ 44, ನಾವು 43, ತಂಡಕ್ಕೆ 48 ಬಿಲ್ಲೆ. ಕೂಗಿದ ಮೇಲೆ ಬಿಲ್ಲೆ ಹಾರಲು ಸೊನ್ನೆಯಿಂದ ಮೂರು ಸೆಕೆಂಡ್ ತನಕ ಎಷ್ಟು ಬೇಕಾದರೂ ತಡವಾಗಬಹುದು, ಅಲ್ಲಿಯವರೆಗೆ ಬಂದೂಕು ಸೊಂಟದ ಪಟ್ಟಿಯ ಬಳಿಯೇ ಇರಬೇಕು. ಒಂದು ಬಿಲ್ಲೆ ತಪ್ಪಲು ಅಷ್ಟು ಸಾಕು. ಆರರಲ್ಲಿ ‘ಸ್ವಲ್ಪದರಲ್ಲಿ ಹೋಯ್ತು’ ಅನ್ನುವ ಮಾತು ನಿಜವಾಗಿ ಸಲ್ಲುವುದು ಇದಕ್ಕೇ.

ಕುಂದಾಪ್ರ ಬಾರ್‌ಬೆಲ್

ಮೀರಾಬಾಯಿ ಬಗ್ಗೆ ಸುಮ್ಮನೆ ಭಾವುಕರಾಗಬೇಡಿ ಮಾರಾಯ್ರೆ, ಲೆಕ್ಕ ನೋಡಿ.

49 ಕೆ.ಜಿ. ವಿಭಾಗ. ಸ್ನ್ಯಾಚ್ (ನೆಲದಿಂದ ಒಂದೇ ಸೆಳೆತಕ್ಕೆ ತಲೆ ಮೇಲೆ): 85 ಆಯ್ತು, 88 ಬಿತ್ತು, ಮೂರನೆಯದರಲ್ಲಿ 88 ಎತ್ತಿದರು. ಅದು ಅವರ ಜೀವನದ ಅತ್ಯುತ್ತಮಕ್ಕೆ ಸಮ. ಅಂದರೆ ಮೊದಲರ್ಧದಲ್ಲಿ ದೂರಲು ಏನೂ ಇಲ್ಲ. ಕ್ಲೀನ್ ಅಂಡ್ ಜರ್ಕ್ (ಮೊದಲು ಭುಜಕ್ಕೆ, ಆಮೇಲೆ ‘ಜರ್ಕ್’ ಮಾಡಿ ತಲೆ ಮೇಲೆ): 111 ಬಿತ್ತು, 111 ಆಯ್ತು, 114 ಬಿತ್ತು. ಒಟ್ಟು 199. ಥಾಯ್ಲೆಂಡಿನ ಸುರೋಚನಾ ಖಂಬಾವೊ 88 + 112 = 200, ಕಂಚು. ಚೀನಾದ ಹೌ ಝಿಹುಯಿ 206, ರೊಮೇನಿಯಾದ ಮಿಹಾಯೆಲಾ ಕಾಂಬೇಯ್ 205.

ನಷ್ಟ ಆದದ್ದು ಮೊದಲ 111ರಲ್ಲಿ. ಆರಂಭದ ತೂಕ ಯಾವಾಗಲೂ ‘ನಿದ್ದೆಗಣ್ಣಲ್ಲಿ ಎತ್ತುವ’ ತೂಕ ಆಗಿರಬೇಕು. ಅದು ಬಿದ್ದರೆ ಎರಡನೆಯದು ಪ್ರಾಣ ಉಳಿಸಿಕೊಳ್ಳಲು ಹೋಗುತ್ತದೆ, ಮೂರನೆಯದಕ್ಕೆ ಒಂದೇ ಬಾಣ. ನಿಯಮದ ಪ್ರಕಾರ ಬಾರಿನ ತೂಕ ಇಳಿಸುವಂತಿಲ್ಲ. ಹೆಸರು ಕರೆದ ಮೇಲೆ ಒಂದು ನಿಮಿಷ. ಒಬ್ಬರೇ ಸತತ ಎರಡು ಪ್ರಯತ್ನ ಮಾಡಬೇಕಾದರೆ ಎರಡು ನಿಮಿಷ. ಬಿದ್ದ ತೂಕವನ್ನೇ ಮತ್ತೆ ಎತ್ತುವವರಿಗೆ ಹಲವು ಸಲ ಸಿಗುವುದು ಆ ಎರಡು ನಿಮಿಷ ಮಾತ್ರ. ಕಾಲಿನ ಶಕ್ತಿ ಅಷ್ಟರಲ್ಲಿ ಪೂರ್ತಿ ವಾಪಸ್ ಬರುವುದಿಲ್ಲ.

ಅಂಕಿಸಂಖ್ಯೆ

113 ಕೇಳಿದ್ದರೆ ಸಾಕಿತ್ತಲ್ವಾ? 88 + 113 = 201.

ಕುಂದಾಪ್ರ ಬಾರ್‌ಬೆಲ್

ಕಾಗದದ ಮೇಲೆ ಸಾಕು. 112 ಮಾತ್ರ ಸಾಲದು, ಯಾಕೆಂದರೆ ಒಟ್ಟು ಸಮವಾದರೆ ಆ ಒಟ್ಟನ್ನು ಮೊದಲು ಮುಟ್ಟಿದವರಿಗೆ ಮೇಲಿನ ಸ್ಥಾನ. ದೇಹದ ತೂಕ ನೋಡುವ ಹಳೇ ಪದ್ಧತಿ ಈಗಿಲ್ಲ. 113ಕ್ಕೂ 114ಕ್ಕೂ ನಡುವಿನ ಒಂದು ಕಿಲೊ ಪದಕ ಕೊಡುತ್ತಿತ್ತು ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಇದೇ ಮೀರಾಬಾಯಿ 2021ರಲ್ಲಿ ತಾಷ್ಕೆಂಟ್‌ನಲ್ಲಿ 119 ಎತ್ತಿ ವಿಶ್ವದಾಖಲೆ ಮಾಡಿದವರು, ಟೋಕಿಯೊದಲ್ಲಿ 115 ಎತ್ತಿದವರು. 114 ಅವರಿಗೆ ಹೊಸ ತೂಕವೇ ಅಲ್ಲ.

ನಿಜವಾದ ಕಾರಣ ತಯಾರಿಯ ಅವಧಿ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಸೊಂಟದ ಗಾಯ, ಅಲ್ಲೂ 191 ಎತ್ತಿ ನಾಲ್ಕನೆಯವರೇ. 2024ರ ಏಪ್ರಿಲ್‌ನಲ್ಲಿ ಫುಕೆಟ್‌ನಲ್ಲಿ 184. ಆಗಸ್ಟ್‌ನಲ್ಲಿ 199. ನಾಲ್ಕು ತಿಂಗಳಲ್ಲಿ 15 ಕೆ.ಜಿ. ಮೇಲೆ ಬಂದದ್ದೇ ದೊಡ್ಡದು. ಆದರೆ ಭಾರ ಎತ್ತಿ ಎತ್ತಿ ಜರ್ಕ್ ಗಟ್ಟಿಯಾಗಲು ಅಷ್ಟು ಸಮಯ ಸಾಲಲಿಲ್ಲ.

ಹೊಸಬ

ಸರ್, ಈ ಆರೂ ಕಂಚಾಗಿದ್ದರೆ ನಾವು ಪಟ್ಟಿಯಲ್ಲಿ ಎಷ್ಟನೇ ಸ್ಥಾನಕ್ಕೆ ಏರುತ್ತಿದ್ದೆವು?

ಅಂಕಿಸಂಖ್ಯೆ

71ಕ್ಕೇ. ತಮಾಷೆ ಅಲ್ಲ. ಚಿನ್ನ ಇಲ್ಲದೆ ಒಂದೇ ಬೆಳ್ಳಿ ಪಡೆದ ದೇಶಗಳಲ್ಲಿ ನಾವು ಈಗಾಗಲೇ ಮೊದಲಿಗರು. ನಮ್ಮ ಮೇಲಿದ್ದವರೆಲ್ಲ ಒಂದೋ ಚಿನ್ನ ಗೆದ್ದವರು, ಇಲ್ಲವೇ ಎರಡು ಅಥವಾ ಹೆಚ್ಚು ಬೆಳ್ಳಿ ಇದ್ದವರು. ಕಂಚು ಐದಾದರೂ ಹನ್ನೊಂದಾದರೂ ಆ ಗೋಡೆ ದಾಟುವುದಿಲ್ಲ. ತುದಿಯಲ್ಲೂ ಇದೇ ಕತೆ: ಅಮೆರಿಕ, ಚೀನಾ ಎರಡಕ್ಕೂ 40 ಚಿನ್ನ, ಬೆಳ್ಳಿ 44 ಮತ್ತು 27 ಇದ್ದದ್ದಕ್ಕೆ ಅಮೆರಿಕ ಮೇಲೆ.

ಬಿಲ್ಲುಬಾಣ

ಆರ್ಚರಿಯನ್ನು ಎಲ್ಲರೂ ಅಮೆರಿಕ ವಿರುದ್ಧದ ಕಂಚಿನ ಪಂದ್ಯದಲ್ಲಿ ಹುಡುಕುತ್ತಾರೆ. ನನ್ನ ಪ್ರಕಾರ ಪದಕದ ದಾರಿ ಕಡಿದಾದದ್ದು ಉದ್ಘಾಟನೆಗೆ ಮೊದಲೇ, ರ‍್ಯಾಂಕಿಂಗ್ ಸುತ್ತಿನಲ್ಲಿ.

ಅಲ್ಲಿ ಪ್ರತಿಯೊಬ್ಬರೂ 70 ಮೀಟರಿನಿಂದ 72 ಬಾಣ ಬಿಡುತ್ತಾರೆ. ಒಬ್ಬ ಪುರುಷ, ಒಬ್ಬ ಮಹಿಳೆಯ ಅಂಕ ಕೂಡಿಸಿ ಮಿಶ್ರ ತಂಡದ ಶ್ರೇಯಾಂಕ. ಧೀರಜ್ 681, ಅಂಕಿತಾ 666, ಒಟ್ಟು 1347. ಐದನೇ ಶ್ರೇಯಾಂಕ. ಕೊರಿಯಾ 1380 ಗಳಿಸಿ ಮೊದಲನೆಯದು. ಐದು ಅಂದರೆ ಡ್ರಾದಲ್ಲಿ ಒಂದನೇ ಶ್ರೇಯಾಂಕದವರ ಅರ್ಧಕ್ಕೇ ಬೀಳುತ್ತೀರಿ. ಇಂಡೊನೇಷ್ಯಾ, ಸ್ಪೇನ್ ದಾಟಿ ಸೆಮಿಫೈನಲ್‌ಗೆ ಬಂದರೆ ಎದುರಿಗೆ ಕೊರಿಯಾ. 2–6. ಎರಡು ಅಥವಾ ಮೂರನೇ ಶ್ರೇಯಾಂಕ ಸಿಕ್ಕಿದ್ದರೆ ಫೈನಲ್ ತನಕ ಕೊರಿಯಾದ ಮುಖ ನೋಡಬೇಕಿರಲಿಲ್ಲ.

ಕಂಚಿನ ಪಂದ್ಯದ ಲೆಕ್ಕ ಹೀಗಿತ್ತು: 37–38, 35–37, 38–34, 35–37. ಸೆಟ್‌ಗೆ ತಂಡದಿಂದ ನಾಲ್ಕು ಬಾಣ, ತಲಾ ಎರಡು, ಒಟ್ಟು 80 ಸೆಕೆಂಡ್. ಮೊದಲ ಸೆಟ್ ಕೈಬಿಟ್ಟದ್ದು ಒಂದೇ ಅಂಕದಿಂದ. ಆದರೆ ಎರಡು ಸಲ 35 ಬಂದಿರುವುದು ನೋಡಿ, ನಾಲ್ಕು ಬಾಣದಲ್ಲಿ ಐದು ಅಂಕ ಸೋರಿದೆ. ಇಷ್ಟಾದರೂ ಒಲಿಂಪಿಕ್ಸ್ ಆರ್ಚರಿಯಲ್ಲಿ ಭಾರತ ಪದಕದ ಪಂದ್ಯ ಆಡಿದ್ದು ಅದೇ ಮೊದಲು.

ಶಟಲ್

ಲಕ್ಷ್ಯ ವಿಷಯದಲ್ಲಿ ಎರಡು ಪಂದ್ಯ ಒಟ್ಟಿಗೆ ನೋಡಬೇಕು. ಸೆಮಿಫೈನಲ್‌ನಲ್ಲಿ ವಿಕ್ಟರ್ ಆಕ್ಸೆಲ್ಸೆನ್ ಎದುರು ಮೊದಲ ಗೇಮ್ 20–17 ಇತ್ತು, ಸೋತದ್ದು 20–22. ಎರಡನೆಯದರಲ್ಲಿ 7–0 ಇತ್ತು, ಸೋತದ್ದು 14–21. ಕಂಚಿನ ಪಂದ್ಯದಲ್ಲಿ ಮಲೇಷ್ಯಾದ ಲೀ ಝೀ ಜಿಯಾ ಎದುರು ಮೊದಲ ಗೇಮ್ 21–13, ಎರಡನೆಯದರಲ್ಲಿ 8–3 ಮುಂದಿದ್ದು 16–21, ಕೊನೆಗೆ 11–21. ಮೂರು ಸಲವೂ ಒಂದೇ ರೀತಿ: ಮುಂದಿರುವಾಗ ಆಟದ ವೇಗ ತಾನಾಗಿ ಇಳಿಯುತ್ತದೆ, ನೆಟ್ ಬಳಿ ತೆಗೆದುಕೊಳ್ಳಬೇಕಾದ ಶಟಲನ್ನು ಹಿಂದಕ್ಕೆ ಎತ್ತಿಕೊಡಲು ಶುರುವಾಗುತ್ತದೆ. ಎತ್ತಿಕೊಟ್ಟರೆ ಆಕ್ಸೆಲ್ಸೆನ್ ಎತ್ತರಕ್ಕೆ, ಲೀ ಸ್ಮ್ಯಾಶಿಗೆ ಅದು ತಟ್ಟೆಯಲ್ಲಿಟ್ಟು ಬಡಿಸಿದ ಹಾಗೆ. ಬಲಮೊಣಕೈಯಲ್ಲಿ ರಕ್ತ ಬಂದು ಮತ್ತೆ ಮತ್ತೆ ಪಟ್ಟಿ ಕಟ್ಟಿಸಬೇಕಾಯಿತು, ಲಯ ಹೋಯಿತು, ಅದೂ ನಿಜ. ಆದರೆ ಅದು ಸೆಮಿಫೈನಲ್‌ಗೆ ಉತ್ತರವಲ್ಲ.

ಪಂದ್ಯದ ನಂತರ ಪ್ರಕಾಶ್ ಪಡುಕೋಣೆ ಆಟಗಾರರೂ ಜವಾಬ್ದಾರಿ ಹೊರಬೇಕು ಅಂದದ್ದಕ್ಕೆ ಬಹಳ ಜನ ಮುನಿಸಿಕೊಂಡರು. ಲಕ್ಷ್ಯರನ್ನು ಬೆಂಗಳೂರಿನಲ್ಲಿ ಬೆಳೆಸಿದವರೇ ಅವರು, ಪ್ಯಾರಿಸ್‌ನಲ್ಲಿ ಅಂಗಳದ ಪಕ್ಕದ ಕುರ್ಚಿಯಲ್ಲಿ ಕೂತಿದ್ದವರೂ ಅವರೇ. ಮಾತು ಖಾರ, ಆದರೆ ಗಾಳಿಮಾತಲ್ಲ. ಆ ಒಲಿಂಪಿಕ್ಸ್ ಅವಧಿಗೆ ಬ್ಯಾಡ್ಮಿಂಟನ್‌ಗೆ ಸರ್ಕಾರ ಕೊಟ್ಟದ್ದು ಸುಮಾರು 72 ಕೋಟಿ. ಅಥ್ಲೆಟಿಕ್ಸ್ ಬಿಟ್ಟರೆ ಅದೇ ಹೆಚ್ಚು. ಪದಕ ಸೊನ್ನೆ.

ಗರಡಿಮನಿ

ಕುಸ್ತಿಯ ವಿನೇಶ್ ಫೋಗಟ್ ಅವರದ್ದು ನಾಲ್ಕನೇ ಸ್ಥಾನ ಅಲ್ಲ ಖರೇ, ಆದ್ರ ಅದನ್ನ ಬಿಟ್ಟು ಪ್ಯಾರಿಸ್ ಲೆಕ್ಕ ಹೆಂಗ ಮುಗಿಸ್ತೀರಿ?

ಕುಸ್ತಿಯೊಳಗ ಒಂದು ತೂಕದ ವಿಭಾಗ ಎರಡು ದಿನ ನಡಿತದ. ಎರಡೂ ದಿನ ಮುಂಜಾನೆ ತೂಕ ಹಾಕ್ತಾರ. ಮೊದಲನೇ ದಿನ 30 ನಿಮಿಷ, ಎರಡನೇ ದಿನ 15 ನಿಮಿಷದ ಅವಕಾಶ. ಕೆಲವು ಟೂರ್ನಿಯೊಳಗ 2 ಕೆ.ಜಿ. ಸಡಿಲ ಇರ್ತದ, ಒಲಿಂಪಿಕ್ಸ್‌ನಾಗ ಒಂದು ಗ್ರಾಮೂ ಇಲ್ಲ. ವಿನೇಶ್ ಮೊದಲನೇ ದಿನ 49.9ರಾಗ ಪಾಸಾದ್ರು. ಅವತ್ತ ಮೂರು ಕುಸ್ತಿ. ಮೊದಲನೆಯದ್ರಾಗನ ಟೋಕಿಯೊ ಚಾಂಪಿಯನ್ ಯೂಯಿ ಸುಸಾಕಿ ಅವರನ್ನ 3–2ಕ್ಕ ಚಿತ್ ಮಾಡಿದಂಗ ಮಾಡಿದ್ರು. ಸಂಜೀಕ ತೂಕ 52.7. ಮರುದಿನ ಮುಂಜಾನೆ 100 ಗ್ರಾಂ ಜಾಸ್ತಿ. ನಿಯಮದ ಪ್ರಕಾರ ತೂಕ ತಪ್ಪಿದವರು ಪಟ್ಟಿಯ ಕಡೀಗೆ, ಬೆಳ್ಳೀನೂ ಇಲ್ಲ. ಕ್ರೀಡಾ ನ್ಯಾಯಮಂಡಳಿಯೂ ಮೇಲ್ಮನವಿ ತಳ್ಳಿಹಾಕಿತು.

ಎಲ್ಲಾರೂ 100 ಗ್ರಾಂ, 100 ಗ್ರಾಂ ಅಂತಾರ. ಇಳಿಸಬೇಕಾಗಿದ್ದು 2.7 ಕೆ.ಜಿ. ಅದು 50 ಕೆ.ಜಿ. ದೇಹದ ಶೇ. 5.4. ರಾತ್ರಿ ಪೂರಾ ಓಟ, ಸೌನಾ, ಕಡೀಗೆ ಕೂದಲೂ ಕತ್ತರಿಸಿದ್ರು. ಮೊದಲನೇ ದಿನದ ತೂಕಕ್ಕ ನೀರು ತೆಗೆದು ಒಣಗಿದ ದೇಹಕ್ಕ ಕುಸ್ತಿ ನಡುವೆ ನೀರು, ಊಟ ಹಾಕಲೇಬೇಕು, ಇಲ್ಲಂದ್ರ ಮ್ಯಾಟ್ ಮ್ಯಾಲೆ ಕಾಲು ನಿಲ್ಲೂದಿಲ್ಲ. ವೈದ್ಯರ ಅಂದಾಜು ಒಂದೂವರೆ ಕೆ.ಜಿ. ತನಕ ಏರ್ತದ ಅಂತ ಇತ್ತು, ಏರಿದ್ದು ಅದಕ್ಕಿಂತ ಭಾಳ.

ಹೊಸಬ

ಹಾಗಾದರೆ ಅಮನ್ ಸೆಹ್ರಾವತ್ ಹೇಗೆ ಇಳಿಸಿದರು? ಅವರದ್ದು ಇನ್ನೂ ಜಾಸ್ತಿ ಇತ್ತಲ್ಲ?

ಗರಡಿಮನಿ

ಹೌದ್ರಿ, ಸುಮಾರು 10 ತಾಸಿನೊಳಗ 4.6 ಕೆ.ಜಿ. ಇಳಿಸಿ, 57 ಕೆ.ಜಿ.ಯೊಳಗ ಪೋರ್ಟೊ ರಿಕೊದ ಡೇರಿಯನ್ ಕ್ರೂಜ್ ಅವರನ್ನ 13–5ಕ್ಕ ಸೋಲಿಸಿ ಕಂಚು ತಂದ್ರು. ಒಂದು, ಅಮನ್ ಅವರ ಖಾಯಂ ವಿಭಾಗನ 57. ವಿನೇಶ್ ಅವರದ್ದು 53. ಆ ವಿಭಾಗದ ಒಲಿಂಪಿಕ್ಸ್ ಕೋಟಾ 2023ರ ವಿಶ್ವ ಚಾಂಪಿಯನ್‌ಷಿಪ್‌ನಾಗ ಕಂಚು ಗೆದ್ದು ಅಂತಿಮ್ ಪಂಘಾಲ್ ತಂದಿದ್ರು, ಒಂದು ತೂಕಕ್ಕ ಒಂದು ದೇಶದಿಂದ ಒಬ್ಬರs. ಹಂಗಾಗಿ ವಿನೇಶ್ 50ಕ್ಕ ಇಳಿದ್ರು. ದೇಹದಾಗ ತೆಗಿಯಾಕ ಏನಾರ ಉಳಿದಿದ್ರ ತೆಗಿಬಹುದು, ಎಲ್ಲಾ ತೆಗೆದಾದ ಮ್ಯಾಲೆ ಬೆವರೂ ಬರೂದಿಲ್ಲ. ಎರಡನೇದು, ವಿನೇಶ್ ಪ್ರಕರಣ ಆದ ಎರಡೇ ದಿನಕ್ಕ ಅಮನ್ ಸರದಿ. ಇಡೀ ರಾತ್ರಿ ಯಾರೂ ಕಣ್ಣು ಮುಚ್ಚಲಿಲ್ಲ, ತಾಸಿಗೊಮ್ಮೆ ತೂಕ ನೋಡಿದ್ರು.

ಗೆದ್ದ ಪಂದ್ಯದಷ್ಟs ಮುಖ್ಯ ತೂಕದ ಕಾಗದ. ಯಾವ ತಾಸಿಗೆ ಎಷ್ಟು ನೀರು, ಎಷ್ಟು ಉಪ್ಪು, ಎಷ್ಟು ಅನ್ನ, ಬರದು ಇಡಬೇಕು.

ಕೊಡಗಿನ ಸ್ಟಿಕ್

ಹಾಕಿ ಬಗ್ಗೆ ಯಾರೂ ಬರೆಯಲಿಲ್ಲ, ಕಂಚು ಬಂತು ಅಂತ ಬಿಟ್ಟುಬಿಟ್ಟಿರಾ? ಚಿನ್ನದ ಪಂದ್ಯ ತಪ್ಪಿದ್ದಕ್ಕೆ ಸ್ಪಷ್ಟ ಕಾರಣವಿದೆ.

ಕ್ವಾರ್ಟರ್‌ಫೈನಲ್‌ನಲ್ಲಿ ಬ್ರಿಟನ್ ಎದುರು 17ನೇ ನಿಮಿಷಕ್ಕೆ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್. ಉಳಿದ 43 ನಿಮಿಷ ಹತ್ತೇ ಜನ ಆಡಿ 1–1ರಲ್ಲಿ ಹಿಡಿದು, ಶೂಟೌಟ್‌ನಲ್ಲಿ 4–2ಕ್ಕೆ ಗೆದ್ದದ್ದು ಗೋಲ್‌ಕೀಪರ್ ಶ್ರೀಜೇಶ್ ಅವರ ದೊಡ್ಡ ದಿನಗಳಲ್ಲೊಂದು. ಆದರೆ ಅದರ ಬೆಲೆ ತೆತ್ತದ್ದು ಮುಂದಿನ ಪಂದ್ಯದಲ್ಲಿ. ರೋಹಿದಾಸ್‌ಗೆ ಒಂದು ಪಂದ್ಯದ ನಿಷೇಧ. ಒಲಿಂಪಿಕ್ಸ್ ತಂಡದಲ್ಲಿ ಇರುವುದೇ 16 ಜನ, ಜರ್ಮನಿ ಎದುರು ಉಳಿದವರು 15. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಪೆನಾಲ್ಟಿ ಕಾರ್ನರ್ ತಡೆಯುವಾಗ ಗೋಲು ಗೆರೆಯಿಂದ ಮೊದಲು ಓಡಿಹೋಗಿ ಡ್ರ್ಯಾಗ್‌ಫ್ಲಿಕ್‌ಗೆ ಮೈಯೊಡ್ಡುವವರು ಅವರೇ. 18ನೇ ನಿಮಿಷ ಗೊಂಜಾಲೊ ಪೆಯ್ಯಾಟ್ ಪೆನಾಲ್ಟಿ ಕಾರ್ನರ್‌ನಲ್ಲೇ ಗೋಲು ಹೊಡೆದರು. 27ನೇ ನಿಮಿಷ ಪೆನಾಲ್ಟಿ ಸ್ಟ್ರೋಕ್, 54ನೇ ನಿಮಿಷ ಮಿಲ್ಟ್‌ಕೌ. 2–3. ಮೊದಲ ಗೋಲಿನ ಮೇಲೆ ಆ ಗೈರುಹಾಜರಿಯ ನೆರಳಿತ್ತು ಅನ್ನುವುದು ನನ್ನ ಅಭಿಪ್ರಾಯ.

ಸ್ಪೇನ್ ಎದುರು 2–1, ಎರಡೂ ಹರ್ಮನ್‌ಪ್ರೀತ್ ಗೋಲು, ಸತತ ಎರಡನೇ ಕಂಚು. ಈ ತಂಡ ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲೇ ವರ್ಷವಿಡೀ ಬೆವರು ಸುರಿಸುತ್ತದೆ, ಆದರೆ 16ರಲ್ಲಿ ನಮ್ಮ ಕೊಡಗಿನವರು ಒಬ್ಬರೂ ಇಲ್ಲ. ಅದು ಇನ್ನೊಂದು ಚರ್ಚೆಗೆ.

ಟ್ರ್ಯಾಕ್ ಬದಿ

ನೀರಜ್ ಚೋಪ್ರಾ (ಜಾವೆಲಿನ್): ಆರು ಎಸೆತದಲ್ಲಿ ಐದು ಫೌಲ್. ನಿಂತದ್ದು ಎರಡನೆಯದು, 89.45 ಮೀ. ಅದು ಆ ಹೊತ್ತಿಗೆ ಅವರ ಜೀವನದ ಎರಡನೇ ಅತ್ಯುತ್ತಮ, ಟೋಕಿಯೊದಲ್ಲಿ ಚಿನ್ನ ತಂದ 87.58ಕ್ಕಿಂತ ಸುಮಾರು ಎರಡು ಮೀಟರ್ ಹೆಚ್ಚು. ನದೀಮ್ 92.97 ಎಸೆದು ಒಲಿಂಪಿಕ್ ದಾಖಲೆ ಬರೆದ ಮೇಲೆ ಅದೂ ಸಾಲಲಿಲ್ಲ. ಫೌಲ್‌ಗಳಿಗೆ ಕಾರಣ ತೊಡೆಸಂದಿನ ನೋವು ಅನ್ನುವುದಕ್ಕೆ ತಂತ್ರದ ಕಡೆಯಿಂದಲೂ ಆಧಾರ ಇದೆ. ಬಲಗೈ ಎಸೆತಗಾರರಿಗೆ ಎಡಗಾಲು ಗೂಟದಂತೆ ನೆಟ್ಟಗೆ ಊರಿ, ಓಟದ ವೇಗವೆಲ್ಲ ಭುಜಕ್ಕೆ ಏರಬೇಕು. ಆ ಕಾಲು ನಂಬಿಕೆಯಿಂದ ಊರದಿದ್ದರೆ ದೇಹ ಮುಂದಕ್ಕೆ ಬೀಳುತ್ತದೆ, ಗೆರೆ ದಾಟುತ್ತದೆ. ಹತ್ತಿರ ಬಿದ್ದ ಎಸೆತವನ್ನು ತಾವೇ ಗೆರೆ ದಾಟಿ ರದ್ದು ಮಾಡುವ ಅಭ್ಯಾಸವೂ ಎಸೆತಗಾರರಿಗಿದೆ, ಐದನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಪುರುಷರ 4x400 ರಿಲೆ ನನಗೆ ನೀರಜ್‌ಗಿಂತ ಹೆಚ್ಚು ಬೇಸರ. 2023ರ ಬುಡಾಪೆಸ್ಟ್‌ನಲ್ಲಿ 2:59.05, ಆಗಿನ ಏಷ್ಯಾ ದಾಖಲೆ. ಪ್ಯಾರಿಸ್‌ನಲ್ಲಿ 3:00.58, ಹೀಟ್‌ನಲ್ಲೇ ಐದನೆಯವರಾಗಿ ಮನೆಗೆ.

ಹೊಸಬ

ನಮ್ಮ ಕರ್ನಾಟಕದವರ ಕತೆ?

ಅಂಕಿಸಂಖ್ಯೆ

ಚುಟುಕಾಗಿ: ಅರ್ಚನಾ ಕಾಮತ್ ಇದ್ದ ಮಹಿಳಾ ಟೇಬಲ್ ಟೆನಿಸ್ ತಂಡ ರೊಮೇನಿಯಾವನ್ನು 3–2ಕ್ಕೆ ಸೋಲಿಸಿ ಮೊದಲ ಸಲ ಕ್ವಾರ್ಟರ್‌ಫೈನಲ್‌ಗೆ ಹೋಯಿತು, ಜರ್ಮನಿ ಎದುರಿನ 1–3 ಸೋಲಿನಲ್ಲಿ ಬಂದ ಆ ಒಂದು ಗೆಲುವು ಅರ್ಚನಾ ಅವರದ್ದೇ. 14 ವರ್ಷದ ಧಿನಿಧಿ ದೇಸಿಂಗು 200 ಮೀ. ಫ್ರೀಸ್ಟೈಲ್‌ನಲ್ಲಿ 2:06.96. ಶ್ರೀಹರಿ ನಟರಾಜ್ 100 ಮೀ. ಬ್ಯಾಕ್‌ಸ್ಟ್ರೋಕ್‌ನಲ್ಲಿ 55.01, ಅವರದೇ ರಾಷ್ಟ್ರೀಯ ದಾಖಲೆಗಿಂತ ಒಂದು ಸೆಕೆಂಡಿಗೂ ಮೀರಿ ನಿಧಾನ. ಟೆನಿಸ್‌ನಲ್ಲಿ ಬೋಪಣ್ಣ ಜೋಡಿ ಮೊದಲ ಸುತ್ತಲ್ಲೇ, ಬ್ಯಾಡ್ಮಿಂಟನ್‌ನಲ್ಲಿ ಅಶ್ವಿನಿ ಪೊನ್ನಪ್ಪ ಜೋಡಿ ಗುಂಪಿನ ಮೂರೂ ಪಂದ್ಯ ಸೋತರು. ನಾಲ್ಕನೇ ಸ್ಥಾನದ ಮಾತಿಗೆ ಬಂದರೆ ಗಾಲ್ಫ್‌ನ ಅದಿತಿ ಅಶೋಕ್ ಟೋಕಿಯೊದಲ್ಲಿ ಒಂದೇ ಒಂದು ಸ್ಟ್ರೋಕ್‌ನಿಂದ ಕಂಚು ತಪ್ಪಿಸಿಕೊಂಡಿದ್ದರು, ಪ್ಯಾರಿಸ್‌ನಲ್ಲಿ ಜಂಟಿ 29.

ಕುಂದಾಪ್ರ ಬಾರ್‌ಬೆಲ್

ಮೀರಾಬಾಯಿ ವಿಷಯಕ್ಕೆ ಇನ್ನೊಂದು ಸೇರಿಸುತ್ತೇನೆ, ಮೇಲೆ ಆರಂಭದ ತೂಕದ ಬಗ್ಗೆ ಬರೆದೆನಲ್ಲ, ಅದಕ್ಕೆ. 2025ರಲ್ಲಿ ತೂಕದ ವಿಭಾಗಗಳು ಬದಲಾಗಿ ಅವರು 48 ಕೆ.ಜಿ.ಗೆ ಬಂದರು. ಅಕ್ಟೋಬರ್‌ನಲ್ಲಿ ನಾರ್ವೆಯ ಫೋರ್ಡ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್. ಸ್ನ್ಯಾಚ್‌ನಲ್ಲಿ 84 ಆಯ್ತು, 87 ಎರಡು ಸಲವೂ ಬಿತ್ತು. ಅಂದರೆ ಪ್ಯಾರಿಸ್‌ಗಿಂತ ನಾಲ್ಕು ಕಿಲೊ ಹಿಂದೆ. ಆದರೆ ಕ್ಲೀನ್ ಅಂಡ್ ಜರ್ಕ್ ಶುರು ಮಾಡಿದ್ದು 111ರಿಂದ ಅಲ್ಲ, 109ರಿಂದ. 109, 112, 115, ಮೂರೂ ಮೇಲೆ ನಿಂತವು. ಒಟ್ಟು ಅದೇ 199. ಕೊರಿಯಾದ (ಉತ್ತರದ) ರಿ ಸಾಂಗ್ ಗುಮ್ 213ರಲ್ಲಿ ಕೈಗೆ ಸಿಗದಷ್ಟು ಮುಂದಿದ್ದರು, ಥಾಯ್ಲೆಂಡಿನವರು 198ರಲ್ಲಿ ನಿಂತರು. ಮೀರಾಬಾಯಿಗೆ ಬೆಳ್ಳಿ.